ಹೌದಪ್ಪನ ಮನೆಗೆ ಕಾರು ಬಂದದ್ದು

ಹೌದಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಬೀದಿಯವರೆಲ್ಲ ಸೇರಿ, ಯಾರೊಬ್ಬರ ವಿರೋಧವೂ ಇಲ್ಲದೆ ದಯಪಾಲಿಸಿದ್ದು. ವಿರೋಧಿಸಬೇಕಾಗಿದ್ದವನು ಅವನೊಬ್ಬನೇ. ಅವನಿಗೆ ಆ ಅಭ್ಯಾಸವೇ ಇರಲಿಲ್ಲ. ಎದುರಿಗಿದ್ದವರು ಏನು ಹೇಳಿದರೂ ಅವನ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು, ಬಾಯಿ ‘ಹೌದೌದು’ ಎನ್ನುತ್ತಿತ್ತು. ಕೆಲಸವಾದರೂ ಎಂಥದು? ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನು ಕಾಯುವ ಕೌಂಟರು. ಅಂಥ ಕುರ್ಚಿಯಲ್ಲಿ ಇಂಥ ಮನುಷ್ಯನನ್ನು ಕೂರಿಸಿದ ಇಲಾಖೆಯ ಎದೆಗಾರಿಕೆಯನ್ನು ಮೆಚ್ಚಲೇಬೇಕು. ಯಾರು ಬಂದು ‘ಆ ಕರಿ ಕೊಡೆ ನಂದು’ ಅಂದರೂ ಅವನು ‘ಹೌದೌದು, ಮುಖ ನೋಡಿದ್ರೇ ಗೊತ್ತಾಗುತ್ತೆ’ ಎಂದು ಕೊಟ್ಟು ಕಳಿಸುತ್ತಿದ್ದ. ಆ ಊರಿನಲ್ಲಿ ಕೊಡೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು ಎಂದು ಹೇಳುವವರಿದ್ದಾರೆ.

ಅವನ ಹೆಂಡತಿ ಕಾರು ಕಲಿಸುವ ಟೀಚರು. ಅರ್ಧ ಊರು ಅವಳ ಹಸಿರು ಕಾರಿನಲ್ಲೇ ಕಲಿತದ್ದು. ಕಲಿಯದೆ ಉಳಿದವನೆಂದರೆ ಗಂಡ. ಮದುವೆಗೆ ಮುಂಚೆ ಅವನೂ ಅವಳ ಶಿಷ್ಯನೇ. ಪರೀಕ್ಷೆಯ ದಿನ ಅಧಿಕಾರಿ ‘ಈಗ ನಿಲ್ಲಿಸಬೇಕೋ, ಹೋಗಬೇಕೋ?’ ಎಂದು ಕೇಳಿದಾಗ ‘ಹೌದು ಸಾರ್’ ಅಂದ. ಲೈಸೆನ್ಸು ಸಿಗಲಿಲ್ಲ, ಹಿಂದಿನ ಸೀಟಿನಲ್ಲಿ ಕೂತು ನಗು ತಡೆಯಲಾರದೆ ಒದ್ದಾಡುತ್ತಿದ್ದ ಟೀಚರು ಸಿಕ್ಕಳು. ಅವನ ಮಟ್ಟಿಗೆ ಅದು ಲಾಭದ ವ್ಯಾಪಾರವೇ.

ಆ ಟೀಚರು ಕಳೆದ ವರ್ಷ ಕೆಮ್ಮು ಎಂದು ಆಸ್ಪತ್ರೆಗೆ ಹೋದವಳು ನಡೆದು ಹೊರಗೆ ಬರಲಿಲ್ಲ. ಹೋಗುವಾಗ ತಾನೇ ಕಾರು ಓಡಿಸಿಕೊಂಡು ಹೋಗಿದ್ದಳು. ಕಾರನ್ನು ಶಿಷ್ಯರೊಬ್ಬರು ತಂದು ಮನೆ ಮುಂದೆ ನಿಲ್ಲಿಸಿದರು. ಮುಂದೆ ಒಂದು ದಿನ ಗುಜರಿಯವನೊಬ್ಬ ಗೇಟಿನಲ್ಲಿ ಇಣುಕಿ ‘ಕೊಡ್ತೀರಾ?’ ಅಂದ. ಹೌದಪ್ಪನ ತಲೆ ಆಡಿತು. ಸಂಜೆ ಕಾಲೇಜಿನಿಂದ ಬಂದ ಮಗಳು ಗೇಟಿನ ಮುಂದಿನ ಖಾಲಿ ಜಾಗವನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಹೌದಪ್ಪನಿಗೆ ಈಗಲೂ ಅನ್ನಿಸುತ್ತದೆ. ನೆಂಟರಿಗೆ, ನೆರೆಯವರಿಗೆ ‘ಮಾರಿದೆ’ ಎಂದಷ್ಟೇ ಹೇಳಿದ. ಹೆಂಡತಿಯ ಅಣ್ಣ ಅಂದಿನಿಂದ ಅವನ ಮುಖ ನೋಡುವುದು ಬಿಟ್ಟಿದ್ದ.

ಈಗ ಮಗಳಿಗೆ ಹದಿನೆಂಟಾಗಿ, ಲೈಸೆನ್ಸೂ ಸಿಕ್ಕಿ, ಊರಾಚೆಯ ಪ್ರಾಣಿಗಳ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಸೇರಿದ್ದಳು. ಅವಳದೊಂದು ಯೋಜನೆಯಿತ್ತು. ಮುದಿ ನಾಯಿಗಳನ್ನು, ಕಾಲು ಮುರಿದ ನಾಯಿಗಳನ್ನು ಅವುಗಳ ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ವಾಪಸು ತಂದುಬಿಡುವುದು. ಅದಕ್ಕೊಂದು ಹಳೇ ಕಾರು ಬೇಕು. ರಜೆಗಳಲ್ಲಿ ಬೇಕರಿಯಲ್ಲಿ ಬ್ರೆಡ್ಡು ಕಟ್ಟಿ ಕೂಡಿಸಿದ ದುಡ್ಡು ಅವಳದು, ಕಡಿಮೆ ಬಿದ್ದದ್ದು ಅಪ್ಪನದು.

ನರ್ಸರಿಯಲ್ಲಿ ಗಿಡ ಮಾರುವವನೊಬ್ಬ ತನ್ನ ಕಾರನ್ನು ಕೊಡುವವನಿದ್ದ. ಇಬ್ಬರೂ ಹೋದರು. ಹಳೇ ಕಾರು ಕೊಳ್ಳುವಾಗ ಗಂಡಸಾದವನು ಟೈರಿಗೊಮ್ಮೆ ಒದ್ದು ನೋಡಬೇಕು ಎಂದು ನಿಲ್ದಾಣದ ಕಂಡಕ್ಟರು ಹೌದಪ್ಪನಿಗೆ ಹೇಳಿಕೊಟ್ಟಿದ್ದ. ಅವನು ಗಂಭೀರವಾಗಿ ಒಂದು ಸುತ್ತು ಬಂದು ಒದ್ದ. ಟೈರಿಗೆ ಏನೂ ಆಗಲಿಲ್ಲ. ಗಿಡದವನು ಓಡಿಬಂದು ಅವನನ್ನು ಸ್ಟೂಲಿನ ಮೇಲೆ ಕೂರಿಸಿ ಹೆಬ್ಬೆರಳಿಗೆ ನೀರು ಹಾಕಿದ.

“ಎಂಜಿನ್ನು ಸ್ವಲ್ಪ ಹಳೇದು ಸ್ವಾಮಿ,” ಅಂದ ಗಿಡದವನು, ಪ್ರಾಮಾಣಿಕನಾಗಿ.

“ಹೌದೌದು,” ಅಂದ ಹೌದಪ್ಪ, ಬೆರಳು ಹಿಡಿದುಕೊಂಡು.

ಗಿಡದವನು ಚೌಕಾಸಿಗೆಂದೇ ಏರಿಸಿ ಒಂದು ಬೆಲೆ ಹೇಳಿದ. ಮಗಳು ಬಾಯಿ ತೆರೆಯುವ ಮುನ್ನವೇ ಅಪ್ಪ “ಹೌದೌದು, ನ್ಯಾಯವಾಗೇ ಇದೆ” ಅಂದುಬಿಟ್ಟ. ಗಿಡದವನಿಗೇ ನಾಚಿಕೆಯಾಗಿ ತಾನಾಗಿ ಇಳಿಸಿದ. ವ್ಯಾಪಾರದ ಇತಿಹಾಸದಲ್ಲಿ ಇಂಥ ಚೌಕಾಸಿ ಇನ್ನೊಂದಿರಲಾರದು.

ಮಗಳು ಮಾತ್ರ ಕಾರಿನ ಹಿಂದಿನ ಬಾಗಿಲು ತೆರೆದು, ತಲೆ ಒಳಗಿಟ್ಟು, ಏನನ್ನೋ ನೋಡುತ್ತ ಮೆಲ್ಲಗೆ ನಗುತ್ತಿದ್ದಳು. “ಅಪ್ಪ, ಇದೇ,” ಅಂದಳು.

ಮನೆಯ ದಾರಿಯಲ್ಲಿ ಹೌದಪ್ಪ ತಡೆದು ತಡೆದು ಹೇಳಿದ: “ಇದೂ ಹಸಿರೇ.”

“ಹೂಂ. ಅದೇ ಕಂಪನಿ, ಅದೇ ಬಣ್ಣ. ಆದ್ರೇನಂತೆ? ಅದು ಅಮ್ಮಂದು. ಇದು ನಂದು.” ಹೇಳಿ ಅವಳು ಬಾಯಲ್ಲೇ ಏನೋ ರಾಗ ಗುನುಗಿದಳು. ಆ ಮನೆಯಲ್ಲಿ ಯಾರೂ ಒಂದು ವರ್ಷದಿಂದ ಗುನುಗಿರಲಿಲ್ಲ.

ಗುನುಗು ನಿಂತದ್ದು ಗೇಟಿನಲ್ಲಿ. ಮೇಲಿನ ಮನೆಯ ಹೆಡ್‌ಮಿಸ್ಟ್ರೆಸ್ಸು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು. ನಿವೃತ್ತರಾದ ಮೇಲೆ ಟೀಚರಮ್ಮನ ಬಳಿ ಕಾರು ಕಲಿತು, ಆಕೆಗೆ ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಹೆದರದಿದ್ದ ಹೆಂಗಸು. ಹಸಿರು ಕಾರು ಕಂಡದ್ದೇ ಕೈಯಲ್ಲಿದ್ದ ಒದ್ದೆ ಟವೆಲನ್ನು ಕೆಳಗೆ ಬಿಟ್ಟರು. ಅದು ಹೌದಪ್ಪನ ತಲೆಯ ಮೇಲೆ ಬಿತ್ತು. ಅದನ್ನು ತೆಗೆದುಹಾಕುವಷ್ಟರಲ್ಲಿ ಅವರೇ ಎದುರಿಗಿದ್ದರು.

“ಅವಳ ಕಾರು! ಹುಡುಕಿ ತಂದ್ರಲ್ರೀ! ಎಲ್ಲಿತ್ತೋ ಏನೋ, ಹೋಗಿ ಹುಡುಕಿ ತಂದ್ರಲ್ಲ! ನಿಮ್ಮನ್ನ ಕೆಲಸಕ್ಕೆ ಬಾರದವ್ರು ಅಂತ ನಾನೇ ಎಷ್ಟು ಸಲ ಅಂದಿದೀನಿ!”

ಅಂದು, ಇಪ್ಪತ್ತು ವರ್ಷ ನಲ್ಲಿ ನೀರಿನ ವಿಷಯವಲ್ಲದೆ ಬೇರೆ ಮಾತಾಡದಿದ್ದ ಹೆಂಗಸು ಅವನ ಎರಡೂ ಕೈ ಹಿಡಿದು ಅತ್ತುಬಿಟ್ಟರು. ಹೌದಪ್ಪನ ತಲೆ ಆಡಿತು. ಅದು ಅವರ ಅಳುವಿಗೆ ಆಡಿತೋ, ‘ಕೆಲಸಕ್ಕೆ ಬಾರದವರು’ ಎಂಬುದಕ್ಕೆ ಆಡಿತೋ, ಕಾರಿಗೆ ಆಡಿತೋ, ಅವನಿಗೇ ತಿಳಿಯದು. ಹೆಡ್‌ಮಿಸ್ಟ್ರೆಸ್ಸು ಅದನ್ನು ಕಾರಿನ ಖಾತೆಗೆ ಬರೆದುಕೊಂಡರು.

“ಮೇಡಂ, ಇದು...” ಎಂದಳು ಮಗಳು.

“ಗೊತ್ತು ಮಗು, ನಿಂಗೆ ಮಾತೇ ಹೊರಡಲ್ಲ. ನೀನೇನೂ ಹೇಳ್ಬೇಡ.”

ಮರುದಿನದಿಂದ ಶಿಷ್ಯಕೋಟಿಯ ಯಾತ್ರೆ ಶುರುವಾಯಿತು. ಬ್ಯಾಂಕ್ ಮ್ಯಾನೇಜರು ಬಂದು, ಬಂಪರಿನ ತಗ್ಗನ್ನು ಬೆರಳಿನಿಂದ ಸವರಿ, “ಇದು ನಂದು. ಅಂಚೆಪೆಟ್ಟಿಗೆಗೆ ಗುದ್ದಿದ್ದು. ಅವರು ಒಂದು ಮಾತು ಬೈಲಿಲ್ಲ” ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಹೋದ ಮೇಲೆ ಕ್ಷೌರದಂಗಡಿಯವನು ಬಂದು ಅದೇ ತಗ್ಗು ತನ್ನದೆಂದ. ಟ್ರಾಫಿಕ್ ಪೊಲೀಸು ಬಂದು ಮೊದಲು ಕಾರಿಗೆ ಸೆಲ್ಯೂಟು ಹೊಡೆದು, ಆಮೇಲೆ ಹಿಂಬಾಗಿಲ ಗೀರನ್ನು ತನ್ನ ಹೆಸರಿಗೆ ಹಾಕಿಕೊಂಡ. ಕಾರಿನ ಮೈಮೇಲೆ ಇದ್ದದ್ದು ಮೂರು ತಗ್ಗು, ಒಂದು ಗೀರು. ಹಕ್ಕುದಾರರು ಅದಕ್ಕಿಂತ ಬಹಳ ಹೆಚ್ಚು. ಒಬ್ಬಾಕೆ ತನ್ನ ಪಾಲಿಗೆ ಏನೂ ಉಳಿಯದೆ, “ನಾನು ಒಳಗಿನಿಂದ ಹಾಳು ಮಾಡಿದ್ದೆ, ಕ್ಲಚ್ಚು” ಎಂದು ಸಮಾಧಾನಪಟ್ಟುಕೊಂಡಳು.

ಅನುಮಾನ ಬಂದದ್ದು ಕ್ಷೌರದವನಿಗೊಬ್ಬನಿಗೇ. “ಪಕ್ಕದ ಸೀಟಲ್ಲಿ ಟೀಚರಮ್ಮಂಗೆ ಇನ್ನೊಂದು ಬ್ರೇಕ್ ಇತ್ತಲ್ಲ, ಎಲ್ಲಿ?”

“ತೆಗೆದಿರ್ತಾರೆ,” ಎಂದರು ಹೆಡ್‌ಮಿಸ್ಟ್ರೆಸ್ಸು. ಕಾರಿನ ವಕಾಲತ್ತನ್ನು ಅವರು ಆಗಲೇ ವಹಿಸಿಕೊಂಡಾಗಿತ್ತು.

“ನಂಬರೂ ಇದಲ್ಲ ಅನ್ಸುತ್ತೆ.”

“ಮಾರಿದ ಮೇಲೆ ನಂಬರು ಬದಲಾಗುತ್ತೆ. ಅಷ್ಟೂ ಗೊತ್ತಿಲ್ವಾ ನಿಮಗೆ?”

“ಗೊತ್ತು, ಗೊತ್ತು,” ಎಂದ ಕ್ಷೌರದವನು. ಸುತ್ತ ಇದ್ದವರೆಲ್ಲ ತಮಗೂ ಗೊತ್ತು ಅಂದರು. ಹೌದಪ್ಪನ ತಲೆಯಂತೂ ಆಡುತ್ತಲೇ ಇತ್ತು.

ಅಡುಗೆಮನೆಯಲ್ಲಿ ಮಗಳು ಅಪ್ಪನನ್ನು ನಿಲ್ಲಿಸಿಕೊಂಡಳು. “ಅಪ್ಪ, ನಿಜ ಹೇಳ್ಬಿಡು.”

“ಹೇಳ್ತೀನಮ್ಮ. ಪಾಪ, ಅಳ್ತಿದಾರೆ. ಅತ್ತು ಮುಗೀಲಿ.”

ಆದರೆ ಅಳು ಮುಗಿಯುವ ಬಾಬತ್ತಾಗಿರಲಿಲ್ಲ. ಜೊತೆಗೆ, ಒಂದು ವರ್ಷ ‘ಹೆಂಡ್ತಿ ಕಾರು ಮಾರ್ಕೊಂಡವನು’ ಎನ್ನಿಸಿಕೊಂಡವನಿಗೆ ಈಗ ಬೀದಿಯಲ್ಲಿ ಜನ ಎದ್ದು ನಿಂತು ಜಾಗ ಬಿಡುತ್ತಿದ್ದರು. ಮನುಷ್ಯ ಕಲ್ಲಲ್ಲ.

ಆ ವಾರ ಮಗಳು ತನ್ನ ಮೊದಲ ಗಿರಾಕಿಯನ್ನು ಕರೆತಂದಳು: ಒಂದು ಕಣ್ಣಿನ, ಕರಡಿಯಷ್ಟು ದಪ್ಪದ ಮುದಿ ನಾಯಿ. ಅದನ್ನು ಕಷ್ಟಪಟ್ಟು ಹಿಂದಿನ ಸೀಟಿಗೆ ಹತ್ತಿಸುತ್ತಿದ್ದಂತೆ ಬಾಲ್ಕನಿಯಿಂದ ಕೂಗು ಬಂತು. “ಅಯ್ಯೋ! ಅವಳ ಕಾರಲ್ಲಿ ನಾಯಿನಾ!” ಕ್ಷೌರದವನು ಕತ್ತರಿ ಹಿಡಿದೇ ಓಡಿಬಂದ. ಅವನ ಹಿಂದೆ ಅರ್ಧ ಗಡ್ಡದ ಗಿರಾಕಿ ಬಂದ. ಎಲ್ಲರೂ ಅಮ್ಮನ ನೆನಪಿಗೆ ಮರ್ಯಾದೆ ಕೊಡುವ ಬಗ್ಗೆ ಹುಡುಗಿಗೆ ಒಬ್ಬರಾದ ಮೇಲೊಬ್ಬರು ಬುದ್ಧಿ ಹೇಳಿದರು. ನಾಯಿ ಇಳಿಯಬೇಕಾಯಿತು. ಅದು ಮಗಳ ಮುಖ ನೋಡಿತು, ಮಗಳು ಅಪ್ಪನ ಮುಖ ನೋಡಿದಳು, ಅಪ್ಪ ತನ್ನ ಹೆಬ್ಬೆರಳು ನೋಡಿಕೊಂಡ. ಅವಳು ನಾಯಿಯ ಜೊತೆ ಆಸ್ಪತ್ರೆಯವರೆಗೂ ನಡೆದೇ ಹೋದಳು.

ಸುದ್ದಿ ಮೂಟೆ ಕಟ್ಟಿಕೊಂಡು ಸೋದರಮಾವನ ಮನೆಗೂ ಹೋಯಿತು. ಅವನು ಊರಿನ ಆ ತುದಿಯಿಂದ ಬಂದ, ಮುದಿ ತಾಯಿಯನ್ನು ತೋಳು ಹಿಡಿದು ನಡೆಸಿಕೊಂಡು. ಗೇಟಿನಲ್ಲೇ ಹೌದಪ್ಪನನ್ನು ಅಪ್ಪಿಕೊಂಡ. “ಭಾವ, ತಪ್ಪಾಯ್ತು. ಪಾಪಿ ಅಂದಿದ್ದೆ ನಿನ್ನ.”

“ಹೌದೌದು,” ಅಂದ ಹೌದಪ್ಪ, ಉಸಿರು ಕಟ್ಟಿ.

ಮಾವ ಸುಮ್ಮನಿರುವ ಪೈಕಿಯಲ್ಲ. ಅಂಗಿ ಕಳಚಿಟ್ಟು, ಬಕೆಟ್ಟು ತರಿಸಿ, ಕಾರಿನ ಒಳಗೂ ಹೊರಗೂ ಉಜ್ಜಿ ಉಜ್ಜಿ ತೊಳೆದ. ಮಗಳು ಕೆಲಸದಿಂದ ಬರುವಷ್ಟರಲ್ಲಿ ಕಾರು ಆಸ್ಪತ್ರೆಯ ಪಾತ್ರೆಯಂತೆ ಹೊಳೆಯುತ್ತಿತ್ತು. ಅವಳು ಹಿಂದಿನ ಬಾಗಿಲು ತೆರೆದು ನೋಡಿದಳು, ಮುಚ್ಚಿದಳು. “ಥ್ಯಾಂಕ್ಸ್ ಮಾವ” ಎಂದು ಒಳಗೆ ಹೋದಳು.

ತನ್ನ ಮಗಳು ಸತ್ತಾಗ ಅಜ್ಜಿ ಅತ್ತಿರಲಿಲ್ಲ. ಯಾರು ಎಷ್ಟು ಅಲುಗಿಸಿದರೂ ಗೋಡೆ ನೋಡುತ್ತ ಕೂತಿದ್ದಳು. ಅಂದಿನಿಂದ ಊಟಕ್ಕೆ ಕೂತರೂ ಎರಡೇ ತುತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಮುಂದಿನ ಸೀಟಿನ ಬೆನ್ನನ್ನು ಅವಳು ಅಂಗೈಯಿಂದ ಮುಟ್ಟಿದಳು, ಯಾರದೋ ಬೆನ್ನು ಸವರುವ ಹಾಗೆ. ಆಮೇಲೆ ಅದಕ್ಕೆ ಹಣೆ ಹಚ್ಚಿ ಅತ್ತಳು. ಪೊಲೀಸು ಆ ಕಡೆ ಬರುತ್ತಿದ್ದ ಲಾರಿಯನ್ನು ಕೈ ಅಡ್ಡ ಹಿಡಿದು ತಡೆದ. ಅತ್ತು ಮುಗಿದ ಮೇಲೆ ಅಜ್ಜಿ ಒಳಗೆ ಬಂದು ಹೊಟ್ಟೆ ತುಂಬ ಊಟ ಮಾಡಿದಳು.

ಪಾತ್ರೆ ತೊಳೆಯುತ್ತ ಮಗಳು ಕೇಳಿದಳು, “ಯಾವಾಗ ಹೇಳ್ತೀಯಪ್ಪ?”

“ಅಜ್ಜಿ ಊಟ ಮಾಡಿದ್ದು ನೋಡಿದ್ಯಲ್ಲಮ್ಮ.”

ಅವಳು ನೋಡಿದ್ದಳು. ಅದಕ್ಕೇ ಅವಳೂ ಸುಮ್ಮನಾದಳು.

ಮುಂದಿನ ಭಾನುವಾರ ಶಿಷ್ಯರದೊಂದು ಸಭೆ ಸೇರಿತು, ಕಾರಿನ ಸುತ್ತಲೇ. ಅಧ್ಯಕ್ಷತೆ ಹೆಡ್‌ಮಿಸ್ಟ್ರೆಸ್ಸರದು, ಯಾರೂ ಆರಿಸಿರಲಿಲ್ಲ. ಬೋರ್ಡು ಬರೆಯುವ ಪೇಂಟರು ಡಬ್ಬ, ಕುಂಚ ಹಿಡಿದು ಬಂದಿದ್ದ. ಹಿಂದಿನ ಗಾಜಿನ ಮೇಲೆ ‘ನೆನಪಿಗಾಗಿ’ ಎಂದು ಶುರುಮಾಡಿ ಟೀಚರಮ್ಮನ ಹೆಸರು ಬರೆಯುವುದೆಂದು ನಿಶ್ಚಯವಾಗಿತ್ತು. ಅಜ್ಜಿ ಕಾರಿನೊಳಗೆ ತನ್ನ ಜಾಗದಲ್ಲಿ ಕೂತಿದ್ದಳು. ಪೇಂಟರು ‘ನೆನ’ ಎಂದು ಬರೆಯುವಷ್ಟರಲ್ಲಿ ಮಾವ ಗಂಟಲು ಸರಿಮಾಡಿಕೊಂಡ.

“ಇನ್ನೊಂದು ವಿಚಾರ. ಈ ಕಾರು ರಸ್ತೆ ಮೇಲೆ ಸವೆದು ಹೋಗೋದು ನಂಗಿಷ್ಟ ಇಲ್ಲ. ನಮ್ಮನೆ ಶೆಡ್ಡು ಖಾಲಿ ಇದೆ. ಅಲ್ಲಿ ನಿಲ್ಲಿಸಿ, ಹೊದಿಕೆ ಹಾಕೋಣ. ಬೇಕಾದಾಗ ಎಲ್ರೂ ಬಂದು ನೋಡ್ಲಿ. ಏನಂತೀಯ ಭಾವ?”

ಎಲ್ಲರೂ ಹೌದಪ್ಪನ ತಲೆಯ ಕಡೆ ನೋಡಿದರು. ಅದು ಏನನ್ನುವುದೆಂದು ಎಲ್ಲರಿಗೂ ಗೊತ್ತಿತ್ತು.

“ಇದು ಅಮ್ಮನ ಕಾರಲ್ಲ,” ಎಂದಳು ಮಗಳು.

ಕೂಗಿ ಹೇಳಲಿಲ್ಲ. ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಷ್ಟೇ ಹೇಳಿದಳು. “ನಾನು ಬ್ರೆಡ್ ಕಟ್ಟಿ ದುಡ್ಡು ಕೂಡಿಸಿ ತಗೊಂಡಿದ್ದು. ಗಿಡ ಮಾರೋರ ಕಾರು ಇದು. ಅಮ್ಮ ಇದನ್ನ ಕಣ್ಣಲ್ಲೂ ನೋಡಿಲ್ಲ.”

ಸಭೆ ಗಾಬರಿಯಾಗಲಿಲ್ಲ, ಮರುಗಿತು. “ಪಾಪ, ಮನಸ್ಸಿಗೆ ಹಚ್ಕೊಂಡಿದೆ,” ಎಂದರು ಬ್ಯಾಂಕ್ ಮ್ಯಾನೇಜರು. “ನನ್ನ ತಂಗಿ ಮಗನೂ ಹೀಗೇ ಮಾಡ್ತಿದ್ದ, ಡಾಕ್ಟರಿಗೆ ತೋರಿಸಿದ ಮೇಲೆ ಸರಿಹೋದ.” ಕ್ಷೌರದವನು ತಣ್ಣೀರು ತರಲು ಹೊರಟ. ಹೆಡ್‌ಮಿಸ್ಟ್ರೆಸ್ಸು ಅವಳ ಹಣೆ ಮುಟ್ಟಿ ಜ್ವರವಿಲ್ಲವೆಂದು ಘೋಷಿಸಿದರು. ಮಾವ ಅವಳ ಹೆಗಲ ಮೇಲೆ ಕೈಯಿಟ್ಟ. “ನಿಂಗೆ ಒಂದು ಸ್ಕೂಟರ್ ಕೊಡಿಸ್ತೀನಿ ಕಣಮ್ಮ. ಈ ಕಾರಿನ ಬೀಗದ ಕೈ ಕೊಡು.”

ಅವಳು ಅಪ್ಪನ ಕಡೆ ತಿರುಗಲಿಲ್ಲ. ಅವನಿಂದ ಏನಾದರೂ ಬರುತ್ತದೆಂಬ ಆಸೆ ಅವಳಿಗೆ ಉಳಿದಿರಲಿಲ್ಲ. ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಮಾವನ ಅಂಗೈ ಮೇಲಿಟ್ಟಳು.

“ಅಲ್ಲ,” ಎಂದ ಹೌದಪ್ಪ.

ಯಾರ ಧ್ವನಿ ಎಂದು ಜನ ಹಿಂದೆ ಮುಂದೆ ನೋಡಿದರು. ಆ ಬಾಯಿಂದ ಆ ಪದವನ್ನು ಅಲ್ಲಿ ಯಾರೂ ಕೇಳಿದವರಿರಲಿಲ್ಲ.

“ಅಲ್ಲ. ಅವಳು ಹೇಳ್ತಿರೋದು ನಿಜ. ಇದು ಅವಳಮ್ಮನ ಕಾರಲ್ಲ.”

“ಹಾಗಾದ್ರೆ ನನ್ನ ತಂಗಿ ಕಾರೆಲ್ಲಿ?” ಎಂದ ಮಾವ.

“ಗುಜರಿಯವನು ಬಂದಿದ್ದ. ಕೊಡ್ತೀರಾ ಅಂದ. ನಾನು... ತಲೆ ಆಡಿಸ್ದೆ. ಆಮೇಲೆ ಹೋಗಿ ಕೇಳ್ದೆ. ಅಷ್ಟೊತ್ತಿಗೆ ಚೂರು ಮಾಡಿದ್ರು.”

ಮೊದಲು ಬಾಯಿ ಬಿಟ್ಟವರು ಬ್ಯಾಂಕ್ ಮ್ಯಾನೇಜರು. ಬಂಪರಿನ ತಗ್ಗಿನ ಮೇಲೆ ಇಟ್ಟಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, “ಅಂದ್ರೆ... ಇದು ನಂದಲ್ವಾ?” ಎಂದು ಕೇಳಿದರು. ಆ ದೊಡ್ಡ ಮನುಷ್ಯನ ದನಿ ಆಟದ ಸಾಮಾನು ಕಳೆದುಕೊಂಡ ಮಗುವಿನದಾಗಿತ್ತು.

ಮಾವ ಬೀಗದ ಕೈಯನ್ನು ನೆಲಕ್ಕೆ ಹಾಕಿದ, ಎಸೆಯುವಷ್ಟು ಬಲವೂ ಇಲ್ಲದವನಂತೆ. “ನಾನು ಇದನ್ನ ಉಜ್ಜಿ ಉಜ್ಜಿ ತೊಳೆದೆನಲ್ಲೋ,” ಎಂದ. ಅಷ್ಟೇ ಹೇಳಿ, ಅಂದೂ ಕಾರು ಒರೆಸಲು ಕಳಚಿಟ್ಟಿದ್ದ ಅಂಗಿ ತೊಟ್ಟು, ಗುಂಡಿ ತಪ್ಪು ತಪ್ಪಾಗಿ ಹಾಕಿಕೊಳ್ಳುತ್ತ ಬಸ್ಸಿನ ಕಡೆ ನಡೆದ. ತಾಯಿಯನ್ನು ಕರೆತಂದದ್ದು ಅವನಿಗೆ ಮರೆತೇಹೋಗಿತ್ತು. ಹೆಡ್‌ಮಿಸ್ಟ್ರೆಸ್ಸು ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅವರಿಗೆ ಅಷ್ಟು ವಯಸ್ಸಾಗಿದೆಯೆಂದು ಅಂದೇ ಎಲ್ಲರಿಗೂ ತಿಳಿದದ್ದು. ಉಳಿದವರು ಒಬ್ಬೊಬ್ಬರಾಗಿ ಕರಗಿದರು. ಅವರೆಲ್ಲ ಆ ದಿನ ಟೀಚರಮ್ಮನನ್ನು ಎರಡನೇ ಸಲ ಕಳೆದುಕೊಂಡಿದ್ದರು. ಎರಡನೇ ಸಲಕ್ಕೆ ಯಾರೂ ರಜೆ ಕೊಡುವುದಿಲ್ಲ.

ಪೇಂಟರು ಮಾತ್ರ ಕುಂಚ ಹಿಡಿದು ನಿಂತಿದ್ದ. “ಮುಂದೆ ಬರೀಲಾ, ಬೇಡ್ವಾ?” ಯಾರೂ ಉತ್ತರಿಸದ್ದಕ್ಕೆ ‘ನೆನ’ವನ್ನು ಅಷ್ಟಕ್ಕೇ ಬಿಟ್ಟು ಡಬ್ಬದ ಮುಚ್ಚಳ ಹಾಕಿಕೊಂಡು ಹೋದ.

ಕಾರಿನೊಳಗಿಂದ ಅಜ್ಜಿಯ ದನಿ ಬಂತು. “ಹಾಗಾದ್ರೆ ನಾನು ಯಾರ ಕಾರಲ್ಲಿ ಕೂತು ಅತ್ತೆ?”

ಅದಕ್ಕೆ ಹೌದಪ್ಪನ ಬಳಿ ಹೌದೂ ಇರಲಿಲ್ಲ, ಅಲ್ಲವೂ ಇರಲಿಲ್ಲ. ಮಗಳು ನೆಲದ ಮೇಲಿದ್ದ ಬೀಗದ ಕೈ ಎತ್ತಿಕೊಂಡಳು. “ಬಾ ಅಜ್ಜಿ, ಮನೆಗೆ ಬಿಡ್ತೀನಿ,” ಎಂದು ಸ್ಟಿಯರಿಂಗಿನ ಮುಂದೆ ಕೂತಳು. ಹೌದಪ್ಪ ಕರೆಸಿಕೊಳ್ಳದೆಯೇ ಪಕ್ಕದಲ್ಲಿ ಕೂತ.

ಅರ್ಧ ದಾರಿ ಕಳೆದ ಮೇಲೆ ಅಜ್ಜಿ, ಅಪರಿಚಿತರ ಮನೆಗೆ ಬಂದ ಅತಿಥಿಯ ಹಾಗೆ, ಮರ್ಯಾದೆಯಿಂದ ಕೇಳಿದಳು: “ಕಾರು ಚೆನ್ನಾಗಿದೆ ಮಗು. ಇದನ್ನೇ ಯಾಕೆ ತಗೊಂಡೆ?”

ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಮಗಳು ಗೇರು ಬದಲಿಸಿದಳು. “ಹಿಂದಿನ ಸೀಟು ಪೂರ್ತಿ ಮಡಚುತ್ತೆ ಅಜ್ಜಿ. ದೊಡ್ಡ ನಾಯಿ ಕಾಲು ಚಾಚಿ ಮಲಗ್ಬಹುದು. ಆಮೇಲೆ... ನೀನು ಕೂತಿದೀಯಲ್ಲ, ಅಲ್ಲಿ ಸಂದಿನಲ್ಲಿ ಮಣ್ಣು ಸೇರಿ ಒಂದು ಗಿಡ ಹುಟ್ಟಿತ್ತು. ಇಷ್ಟೇ ಇಷ್ಟು. ಎರಡೆಲೆ. ಯಾರೂ ನೀರು ಹಾಕ್ದೆ, ಕಾರೊಳಗೆ, ಅದರ ಪಾಡಿಗೆ ಅದು ಬದುಕ್ಕೊಂಡಿತ್ತು. ನೋಡಿದ ತಕ್ಷಣ, ಇದೇ ಇರ್ಲಿ ಅನ್ಸಿತು.”

ಅಜ್ಜಿ ಬಗ್ಗಿ ಸಂದಿನಲ್ಲಿ ಬೆರಳಾಡಿಸಿದಳು. “ಇಲ್ಲವಲ್ಲ?”

“ಮಾವ ತೊಳೆದಾಗ ಹೋಯ್ತು.”

ಹೌದಪ್ಪ ಕಿಟಕಿಯಾಚೆ ನೋಡುತ್ತ ಕೂತ. ಕಾರು ಕೊಳ್ಳುವಾಗ ಅವನೂ ಅಲ್ಲೇ ಇದ್ದ. ಟೈರಿಗೆ ಒದ್ದಿದ್ದ. ಗಿಡ ನೋಡಿರಲಿಲ್ಲ.

ಮಾವನ ಮನೆ ಬಂತು. ಬಾಗಿಲು ತೆರೆದೇ ಇತ್ತು, ಮಾವ ಇನ್ನೂ ಬಂದಿರಲಿಲ್ಲ. ಅಜ್ಜಿ ಇಳಿದು, ಕಿಟಕಿಯ ಬಳಿ ಬಂದು, ಮೊಮ್ಮಗಳ ಕೆನ್ನೆಗೆ ಕೈ ಹಚ್ಚಿದಳು. “ಗೇರು ಹಾಗೆ ಎಳೀಬೇಡ. ಅವಳಿದ್ದಿದ್ರೆ ಬೈತಿದ್ಲು.” ಅಂದು, ತಿರುಗಿ ನೋಡದೆ ಒಳಗೆ ಹೋದಳು.

ಮಗಳು ಎಂಜಿನ್ ಆರಿಸಿದಳು. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಕೈಗಳ ನಡುವೆ ಹಣೆಯಿಟ್ಟಳು. ಹಾರ್ನು ಕೂಗಿಕೊಂಡಿತು.

ಅವಳು ತಲೆ ಎತ್ತಲಿಲ್ಲ. ಬೆನ್ನು ಅಲುಗುತ್ತಿತ್ತು, ಒಂದು ವರ್ಷ ಎಲ್ಲರಿಗೂ ನೀರು, ಚಹಾ, ಕುರ್ಚಿ ತಂದುಕೊಟ್ಟ ಹುಡುಗಿ ಈಗ ಅಳುತ್ತಿದ್ದಳು. ಆ ಅಳು ಹಾರ್ನಿನ ಸದ್ದಿನಲ್ಲಿ ಮುಳುಗಿಹೋಗಿ ಯಾರಿಗೂ ಕೇಳುವಂತಿರಲಿಲ್ಲ. ಎದುರು ಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಬನಿಯನ್ನಿನ ಗಂಡಸೊಬ್ಬ ಗೇಟಿನವರೆಗೆ ಬಂದು ಕಿವಿ ಮುಚ್ಚಿಕೊಂಡು ಕಿರುಚಿದ: “ರೀ! ಏನ್ರೀ ಇದು? ನಿದ್ದೆ ಮಾಡೋರು ಮಾಡ್ಬೇಡ್ವಾ? ನಿಲ್ಲಿಸ್ರೀ ಮೊದ್ಲು!”

ಹೌದಪ್ಪ ಕಾರಿನಿಂದ ಇಳಿದ. ಬಾಗಿಲನ್ನು ಮೆತ್ತಗೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು, ಆ ಮನುಷ್ಯನಿಗೂ ಮಗಳಿಗೂ ನಡುವೆ ನಿಂತ.

“ಇಲ್ಲ,” ಎಂದ. “ಸ್ವಲ್ಪ ಹೊತ್ತು ಆಗಲ್ಲ. ನನ್ನ ಮಗಳ ಕಾರು ಇದು.”